ಕ್ಲೌಡ್ ಕ್ಯಾಟಲಾಗಿನ ಆರ್ಡರ್ ಫಾರ್ಮ್: ಬೇಡದ ಪ್ರಶ್ನೆ ತೆಗೆಯುವುದು ಹೇಗೆ?

ಕಂಪನಿಯಲ್ಲಿ ಯಾರಿಗೋ ಒಂದು ಟೆಸ್ಟ್ ಸರ್ವರ್ ಬೇಕು. ಕ್ಲೌಡ್ ಕ್ಯಾಟಲಾಗ್, ಅಂದರೆ ಬೇಕಾದ್ದನ್ನು ತಾವೇ ಆರ್ಡರ್ ಮಾಡುವ ಪಟ್ಟಿ, ತೆರೆದು ಕ್ಲಿಕ್ ಮಾಡುತ್ತಾರೆ. ಫಾರ್ಮ್ ಬರುತ್ತದೆ. ವಿಪಿಸಿ (ಕ್ಲೌಡಿನೊಳಗಿನ ಖಾಸಗಿ ನೆಟ್‌ವರ್ಕ್) ಐಡಿ ಯಾವುದು? ಸಬ್‌ನೆಟ್ (ಆ ನೆಟ್‌ವರ್ಕಿನ ಒಂದು ಭಾಗ) ಯಾವುದು? ಇಮೇಜ್ (ಸರ್ವರ್‌ಗೆ ಹಾಕುವ ಸಿದ್ಧ ಸಾಫ್ಟ್‌ವೇರ್ ಪ್ರತಿ) ಐಡಿ ಏನು? ಇದೆಲ್ಲ ಗೊತ್ತಿದ್ದರೆ ಅವರು ಕ್ಯಾಟಲಾಗಿಗೆ ಯಾಕೆ ಬರುತ್ತಿದ್ದರು, ಅಲ್ವಾ? ಕೊನೆಗೆ ಅಡ್ಮಿನ್‌ಗೆ ಫೋನ್ ಹೋಗುತ್ತದೆ. ಆ ಫೋನ್ ತಪ್ಪಿಸಲೆಂದೇ ಕ್ಯಾಟಲಾಗ್ ಮಾಡಿದ್ದು!

ಈ ಫಾರ್ಮನ್ನು ತಿದ್ದುವ ದಾರಿ ಇಲ್ಲಿದೆ. ಉದಾಹರಣೆಗೆ ಅಮೆಜಾನ್ ಕ್ಲೌಡಿನ (ಎಡಬ್ಲ್ಯುಎಸ್) ಸರ್ವಿಸ್ ಕ್ಯಾಟಲಾಗ್ ತೆಗೆದುಕೊಂಡಿದ್ದೇನೆ. ಸರ್ವಿಸ್‌ನೌ ಅಥವಾ ವಿಎಂವೇರ್ ಕಂಪನಿಗಳ ಕ್ಯಾಟಲಾಗ್ ಬಳಸುವವರಿಗೆ ಬಟನ್‌ಗಳು ಬೇರೆ ಇರುತ್ತವೆ, ಯೋಚಿಸುವ ಕ್ರಮ ಮಾತ್ರ ಇದೇ.

ಮೊದಲು ಒಂದು ವಿಷಯ. ಎಡಬ್ಲ್ಯುಎಸ್‌ನಲ್ಲಿ ಫಾರ್ಮ್ ಅಂತ ಬೇರೆ ಕಡತ ಇರುವುದಿಲ್ಲ. ಪ್ರಾಡಕ್ಟ್‌ಗೆ (ಕ್ಯಾಟಲಾಗಿನ ಒಂದು ಐಟಂಗೆ) ನೀವು ಕೊಟ್ಟ ಕ್ಲೌಡ್‌ಫಾರ್ಮೇಶನ್ ಟೆಂಪ್ಲೇಟ್ (ಏನೇನು ಕಟ್ಟಬೇಕು ಅಂತ ಬರೆದ ಕಡತ) ಇದೆಯಲ್ಲ, ಅದರ ‘ಪ್ಯಾರಾಮೀಟರ್ಸ್’ ಭಾಗವೇ ಫಾರ್ಮ್ ಆಗಿ ಕಾಣಿಸುತ್ತದೆ. ಹಾಗಾಗಿ ಫಾರ್ಮ್ ತಿದ್ದುವುದು ಅಂದರೆ ಟೆಂಪ್ಲೇಟ್ ತಿದ್ದುವುದು. ಒಂದು ಟೆಂಪ್ಲೇಟಿನಲ್ಲಿ 200 ಪ್ಯಾರಾಮೀಟರ್‌ವರೆಗೆ ಇಡಬಹುದು. ಅವಕಾಶ ಇದೆ ಅಂತ ಅಷ್ಟನ್ನೂ ಕೇಳಬೇಕಾಗಿಲ್ಲ.

ಮೊದಲ ಹೆಜ್ಜೆ: ಪ್ರಶ್ನೆ ಕಡಿಮೆ ಮಾಡಿ

ಅರ್ಧ ಕೆಲಸ ಇಲ್ಲೇ ಇದೆ. ಪ್ರತಿ ಪ್ರಶ್ನೆಯ ಮುಂದೆಯೂ ಒಂದೇ ಮಾತು ಕೇಳಿಕೊಳ್ಳಿ: ಆರ್ಡರ್ ಮಾಡುವವರು ಇನ್ನೊಬ್ಬರನ್ನು ಕೇಳದೆ ಇದಕ್ಕೆ ಉತ್ತರ ಕೊಡಬಲ್ಲರೇ? ಆಗದಿದ್ದರೆ ಆ ಪ್ರಶ್ನೆ ಫಾರ್ಮಿನಲ್ಲಿ ಇರಬಾರದು.

ತೆಗೆದ ಪ್ರಶ್ನೆಗೆ ಉತ್ತರವಂತೂ ಬೇಕು. ಎಲ್ಲರಿಗೂ ಒಂದೇ ವಿಪಿಸಿ ಆಗಿದ್ದರೆ ಅದನ್ನು ಟೆಂಪ್ಲೇಟಿನಲ್ಲೇ ಬರೆದುಬಿಡಿ. ಟೆಸ್ಟ್‌ಗೆ ಒಂದು ಸಬ್‌ನೆಟ್, ಪ್ರೊಡಕ್ಷನ್‌ಗೆ (ನಿಜ ಬಳಕೆಗೆ) ಇನ್ನೊಂದು ಇದ್ದರೆ ‘ಮ್ಯಾಪಿಂಗ್ಸ್’ (ಯಾವ ಆಯ್ಕೆಗೆ ಯಾವ ಉತ್ತರ ಅನ್ನುವ ಪಟ್ಟಿ) ಬಳಸಿ. ಆಗ ಬಳಕೆದಾರರು ಟೆಸ್ಟೋ ಪ್ರೊಡಕ್ಷನ್ನೋ ಅಂತ ಆರಿಸಿದರೆ ಸಾಕು, ಸಬ್‌ನೆಟ್ ತಾನಾಗಿ ಸಿಗುತ್ತದೆ. ಇಮೇಜ್ ಐಡಿಯನ್ನು ಪ್ಯಾರಾಮೀಟರ್ ಸ್ಟೋರಿನಿಂದ (ಇಂಥ ವಿವರ ಇಡುವ ಎಡಬ್ಲ್ಯುಎಸ್‌ನ ಜಾಗ) ಓದಿಸಬಹುದು, ಯಾವಾಗಲೂ ಹೊಸ ಇಮೇಜ್ ಬರುತ್ತದೆ. ಇದರಲ್ಲಿ ಒಂದು ಅಪಾಯವಿದೆ. ಮುಂದೆ ಯಾರಾದರೂ ಅದೇ ಸರ್ವರ್ ಅನ್ನು ಅಪ್‌ಡೇಟ್ ಮಾಡಿದಾಗ ಸ್ಟೋರಿನಲ್ಲಿ ಇಮೇಜ್ ಬದಲಾಗಿದ್ದರೆ, ಹಳೇ ಸರ್ವರ್ ಹೋಗಿ ಹೊಸದು ಬಂದು ಕೂರುತ್ತದೆ. ಅದರ ಡಿಸ್ಕಿನಲ್ಲಿ ಮುಖ್ಯವಾದ ಡೇಟಾ ಇರುತ್ತದೆ ಅಂತಾದರೆ ಈ ದಾರಿ ಬೇಡ.

ಟೈಪ್ ಮಾಡಿಸಬೇಡಿ, ಆರಿಸಲು ಕೊಡಿ

ಉಳಿದ ಪ್ರಶ್ನೆಗಳಲ್ಲಿ ಆದಷ್ಟನ್ನು ಡ್ರಾಪ್‌ಡೌನ್ ಮಾಡಿ. ‘ಅಲೌಡ್ ವ್ಯಾಲ್ಯೂಸ್’ ಅಡಿಯಲ್ಲಿ ಆಯ್ಕೆಗಳನ್ನು ಬರೆದರೆ ಡ್ರಾಪ್‌ಡೌನ್ ಬರುತ್ತದೆ. ತೊಂದರೆ ಏನೆಂದರೆ, ಅಲ್ಲಿ ಬರೆದದ್ದೇ ಪರದೆಯ ಮೇಲೂ ಕಾಣುತ್ತದೆ. ಸರ್ವಿಸ್‌ನೌನಲ್ಲಿ ಕಾಣುವ ಹೆಸರು ಬೇರೆ, ಒಳಗಿನ ಮೌಲ್ಯ ಬೇರೆ ಇಡಬಹುದು. ಇಲ್ಲಿ ಹಾಗಿಲ್ಲ.

ಸರ್ವರಿನ ಗಾತ್ರವನ್ನೇ (ಇನ್‌ಸ್ಟೆನ್ಸ್ ಬಗೆ) ನೋಡಿ. ಟಿ3 ಮೈಕ್ರೋ, ಟಿ3 ಸ್ಮಾಲ್, ಟಿ3 ಮೀಡಿಯಂ ಈ ಮೂರರಲ್ಲೂ 2 ವಿಸಿಪಿಯು (ವರ್ಚುವಲ್ ಪ್ರೊಸೆಸರ್) ಇವೆ. ಮೆಮೊರಿ ಮಾತ್ರ ಕ್ರಮವಾಗಿ 1, 2 ಮತ್ತು 4 ಜಿಬಿ. ಇದು ಅಡ್ಮಿನ್‌ಗೆ ಗೊತ್ತು, ಆರ್ಡರ್ ಮಾಡುವವರಿಗೆ ಗೊತ್ತಿರಬೇಕಾಗಿಲ್ಲ. ಅದಕ್ಕೇ ಡ್ರಾಪ್‌ಡೌನಿನಲ್ಲಿ ‘1GB’, ‘2GB’, ‘4GB’ ಅಂತಷ್ಟೇ ಬರೆಯಿರಿ. ಯಾವುದಕ್ಕೆ ಯಾವ ಇನ್‌ಸ್ಟೆನ್ಸ್ ಅನ್ನುವುದನ್ನು ಮತ್ತೆ ಮ್ಯಾಪಿಂಗ್ಸ್ ನೋಡಿಕೊಳ್ಳಲಿ. ನಾಳೆ ಟಿ3 ಬಿಟ್ಟು ಬೇರೆ ಬಗೆಗೆ ಹೋದರೂ ಫಾರ್ಮ್ ಬದಲಾಗುವುದಿಲ್ಲ.

ಡಿಫಾಲ್ಟ್ ಏನಿಡಬೇಕು? ಬಹಳಷ್ಟು ಜನ ಇದ್ದದ್ದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಹಾಗಾಗಿ ಗಾತ್ರಕ್ಕೆ ಎಲ್ಲಕ್ಕಿಂತ ಚಿಕ್ಕದು. ಟೆಸ್ಟ್ ಅಥವಾ ಪ್ರೊಡಕ್ಷನ್ ಅನ್ನುವ ಪ್ರಶ್ನೆಗೆ ಡಿಫಾಲ್ಟೇ ಬೇಡ. ಡಿಫಾಲ್ಟ್ ಇಲ್ಲದಿದ್ದರೆ ಉತ್ತರ ಕಡ್ಡಾಯವಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ಹೆಸರು, ಸಾಲು, ಗುಂಪು

ನೀವು ಏನೂ ಹೇಳದಿದ್ದರೆ ಪ್ರಶ್ನೆಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಿಲ್ಲುತ್ತವೆ. ಟೆಂಪ್ಲೇಟಿನ ‘ಮೆಟಾಡೇಟಾ’ ಭಾಗದಲ್ಲಿ ‘ಎಡಬ್ಲ್ಯುಎಸ್ ಕ್ಲೌಡ್‌ಫಾರ್ಮೇಶನ್ ಇಂಟರ್‌ಫೇಸ್’ ಎಂಬ ಉದ್ದ ಹೆಸರಿನ ಜಾಗವೊಂದಿದೆ. ಅದರ ‘ಪ್ಯಾರಾಮೀಟರ್ ಗ್ರೂಪ್ಸ್’ನಲ್ಲಿ ಗುಂಪು ಮತ್ತು ಕ್ರಮ, ‘ಪ್ಯಾರಾಮೀಟರ್ ಲೇಬಲ್ಸ್’ನಲ್ಲಿ ಓದಲು ಆಗುವ ಹೆಸರು ಬರೆಯಿರಿ. ಸುಲಭದ ಪ್ರಶ್ನೆ ಮೇಲೆ, ತಲೆ ಕೆರೆದುಕೊಳ್ಳುವಂಥದ್ದು ಕೆಳಗೆ. ಅಷ್ಟೇ.

ತಪ್ಪು ಹೇಳುವ ರೀತಿ

ಹೆಸರು ಟೈಪ್ ಮಾಡಿಸಲೇಬೇಕಾದ ಕಡೆ ‘ಅಲೌಡ್ ಪ್ಯಾಟರ್ನ್’ (ಯಾವ ಅಕ್ಷರ ಸಲ್ಲುತ್ತದೆ) ಮತ್ತು ‘ಮ್ಯಾಕ್ಸ್ ಲೆಂತ್’ (ಹೆಚ್ಚೆಂದರೆ ಎಷ್ಟು ಉದ್ದ) ಹಾಕಿ. ವಿಂಡೋಸ್ ಕಂಪ್ಯೂಟರ್ ಹೆಸರು ಅಂದರೆ 15 ಅಕ್ಷರ. ಎಸ್3 ಬಕೆಟ್ (ಎಡಬ್ಲ್ಯುಎಸ್‌ನಲ್ಲಿ ಕಡತ ಇಡುವ ಜಾಗ) ಹೆಸರು ಅಂದರೆ 3ರಿಂದ 63, ಅದರಲ್ಲೂ ಇಂಗ್ಲಿಷಿನ ದೊಡ್ಡಕ್ಷರ ಬರುವಂತಿಲ್ಲ. ಈ ಮಿತಿಯನ್ನು ಫಾರ್ಮೇ ಹಿಡಿಯದಿದ್ದರೆ, ಸರ್ವರ್ ತಯಾರಾಗುವ ಮಧ್ಯದಲ್ಲಿ ಎಲ್ಲ ಮುಗ್ಗರಿಸುತ್ತದೆ.

ಇದರ ಜೊತೆ ‘ಕನ್‌ಸ್ಟ್ರೇಂಟ್ ಡಿಸ್ಕ್ರಿಪ್ಶನ್’ ಬರೆಯುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ತಪ್ಪಾದಾಗ ಬಳಕೆದಾರರಿಗೆ ಕಾಣುವುದು ಆ ಪ್ಯಾಟರ್ನೇ, ಬ್ರಾಕೆಟ್ಟು ಚಿಹ್ನೆಗಳ ಸಮೇತ. ಅದರ ಬದಲು ‘ಚಿಕ್ಕಕ್ಷರ ಮತ್ತು ಅಂಕಿ ಮಾತ್ರ, 15 ಮೀರಬಾರದು’ ಅಂತ ಬರೆದರೆ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ.

ಪಾಸ್‌ವರ್ಡ್ ಕೇಳಬಹುದೇ? ‘ನೋ ಎಕೋ’ ಹಾಕಿದರೆ ಪರದೆಯಲ್ಲಿ ನಕ್ಷತ್ರ ಚಿಹ್ನೆ ಕಾಣುತ್ತದೆ, ನಿಜ. ಆದರೆ ಅದೇ ಪಾಸ್‌ವರ್ಡನ್ನು ಟೆಂಪ್ಲೇಟಿನ ‘ಔಟ್‌ಪುಟ್ಸ್’ (ಕೊನೆಗೆ ತೋರಿಸುವ ವಿವರ) ಭಾಗದಲ್ಲಿ ಹಾಕಿದರೆ ಬಯಲಾಗಿಬಿಡುತ್ತದೆ. ನನ್ನ ಪ್ರಕಾರ ಪಾಸ್‌ವರ್ಡ್ ಕೇಳುವುದೇ ಬೇಡ. ಗುಟ್ಟಿನ ವಿವರ ಕಾಯುವ ಎಡಬ್ಲ್ಯುಎಸ್ ಸೇವೆ ಸೀಕ್ರೆಟ್ಸ್ ಮ್ಯಾನೇಜರ್ ತಾನೇ ಒಂದನ್ನು ಹುಟ್ಟಿಸಿ ಇಟ್ಟುಕೊಳ್ಳಲಿ.

ಒಂದೇ ಪ್ರಾಡಕ್ಟ್, ಎರಡು ತಂಡ

ಡೆವಲಪರ್‌ಗಳಿಗೆ 2 ಜಿಬಿ ಸಾಕು, ಡೇಟಾ ತಂಡಕ್ಕೆ 4 ಬೇಕು ಅನ್ನೋಣ. ಇದಕ್ಕೆ ಟೆಂಪ್ಲೇಟ್ ಎರಡು ಬೇಡ. ಪ್ರಾಡಕ್ಟನ್ನು ಎರಡು ಪೋರ್ಟ್‌ಫೋಲಿಯೊಗಳಿಗೆ (ಒಂದೊಂದು ತಂಡಕ್ಕೆ ತೋರಿಸುವ ಪ್ರಾಡಕ್ಟ್ ಗುಂಪು) ಸೇರಿಸಿ. ಡೆವಲಪರ್‌ಗಳ ಪೋರ್ಟ್‌ಫೋಲಿಯೊದಲ್ಲಿ ‘ಟೆಂಪ್ಲೇಟ್ ಕನ್‌ಸ್ಟ್ರೇಂಟ್’ ಹಾಕಿ, 1 ಮತ್ತು 2 ಜಿಬಿ ಮಾತ್ರ ಸಲ್ಲುತ್ತದೆ ಅಂತ ನಿಯಮ ಬರೆಯಿರಿ. ಈ ನಿಯಮ ಆಯ್ಕೆಗಳನ್ನು ಕಡಿಮೆ ಮಾಡಬಲ್ಲದು. ಟೆಂಪ್ಲೇಟಿನಲ್ಲಿ ಇಲ್ಲದ ಹೊಸ ಆಯ್ಕೆಯನ್ನು ಸೇರಿಸಲು ಅದಕ್ಕೆ ಆಗದು.

ಸರ್ವಿಸ್‌ನೌ ಬಳಸುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಅಲ್ಲಿನ ‘ಯುಐ ಪಾಲಿಸಿ’ ಪ್ರಶ್ನೆಯನ್ನು ಅಡಗಿಸುತ್ತದೆ, ತೋರಿಸುತ್ತದೆ. ಅದು ಬ್ರೌಸರ್‌ನಲ್ಲಿ ನಡೆಯುವ ಕೆಲಸ. ಕಣ್ಣಿಗೆ ಕಾಣದ ಮಾತ್ರಕ್ಕೆ ಬೇಡದ ಉತ್ತರ ಬರುವುದಿಲ್ಲ ಅಂತ ಸುಮ್ನೆ ನಂಬಬೇಡಿ. ನಿಜವಾದ ತಡೆ ಸರ್ವರ್ ಬದಿಯಲ್ಲೂ ಇರಬೇಕು.

ಹೊಸ ಫಾರ್ಮ್ ಬಿಡುವ ಮುನ್ನ

ಅಡ್ಮಿನ್ ಖಾತೆಯಲ್ಲಿ ಪರೀಕ್ಷೆ ಮಾಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಅಡ್ಮಿನ್‌ಗೆ ಎಲ್ಲ ಅನುಮತಿಯೂ ಇದೆ. ಸಾಮಾನ್ಯ ಬಳಕೆದಾರರ ಖಾತೆಯಿಂದಲೇ ಆರ್ಡರ್ ಮಾಡಿ ನೋಡಿ. ಅನುಮತಿ ಇಲ್ಲ ಅಂತ ಬಂದರೆ ‘ಲಾಂಚ್ ಕನ್‌ಸ್ಟ್ರೇಂಟ್’ನಲ್ಲಿ ಕೊಟ್ಟ ರೋಲ್ (ಅನುಮತಿಗಳ ಕಟ್ಟು) ಸರಿಯಿದೆಯೇ ಪರಿಶೀಲಿಸಿ. ಸರ್ವರ್ ಕಟ್ಟುವುದು ಆ ರೋಲ್, ಬಳಕೆದಾರರಿಗೆ ಇಸಿ2 (ಎಡಬ್ಲ್ಯುಎಸ್‌ನ ಸರ್ವರ್ ಸೇವೆ) ಅನುಮತಿ ಬೇಕಿಲ್ಲ.

ತಿದ್ದಿದ ಟೆಂಪ್ಲೇಟನ್ನು ಅದೇ ಪ್ರಾಡಕ್ಟಿನ ಹೊಸ ವರ್ಶನ್ ಆಗಿ ಸೇರಿಸಿ. ಆಗ ಲೇಬಲ್ ಎಷ್ಟು ಬೇಕಾದರೂ ಬದಲಿಸಿ, ಪ್ಯಾರಾಮೀಟರ್‌ನ ಒಳಗಿನ ಹೆಸರನ್ನು ಮಾತ್ರ ಮುಟ್ಟಬೇಡಿ. ಹೆಸರು ಬದಲಾದರೆ ಅದು ಹೊಸ ಪ್ರಶ್ನೆ ಅಂತಲೇ ಲೆಕ್ಕ, ಈಗಾಗಲೇ ಸರ್ವರ್ ಇರುವವರು ಕೊಟ್ಟ ಹಳೇ ಉತ್ತರ ಅದಕ್ಕೆ ಬರುವುದಿಲ್ಲ. ಹಳೇ ವರ್ಶನನ್ನು ತಕ್ಷಣ ಅಳಿಸದೆ ‘ಡೆಪ್ರಿಕೇಟೆಡ್’ ಅಂತ ಗುರುತು ಮಾಡಿ. ಹೊಸಬರಿಗೆ ಅದರಲ್ಲಿ ಆರ್ಡರ್ ಮಾಡಲು ಆಗದು. ಈಗಾಗಲೇ ಬಳಸುತ್ತಿರುವವರು ತಮ್ಮ ಸರ್ವರ್ ಅನ್ನು ಅದರಲ್ಲೇ ಅಪ್‌ಡೇಟ್ ಮಾಡಿಕೊಳ್ಳಬಹುದು, ಬಿಡುವಾದಾಗ ಹೊಸ ವರ್ಶನ್‌ಗೆ ಬರಬಹುದು.