ಸಿಇಟಿ ಅರ್ಜಿ: ದಾಖಲೆಗಳಿಂದ ಆಪ್ಷನ್ ಎಂಟ್ರಿವರೆಗೆ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿ ಇರುವ ಮನೆಯಲ್ಲಿ ವರ್ಷವಿಡೀ ನಡೆಯುವ ಮಾತುಕತೆ ಅಂಕಗಳ ಕುರಿತದ್ದೇ ಆಗಿರುತ್ತದೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು (ಕೆಇಎ) ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಮೂಲಕ ಇಂಜಿನಿಯರಿಂಗ್, ಕೃಷಿ, ಫಾರ್ಮಸಿ ಮುಂತಾದ ಕೋರ್ಸ್‌ಗಳಿಗೆ ಸೀಟು ಹಂಚುವಾಗ ಅಂಕದಷ್ಟೇ ಭಾರವಾದ ಇನ್ನೆರಡು ಸಂಗತಿಗಳಿವೆ: ಅರ್ಜಿಯಲ್ಲಿ ಕೋರಿದ ಮೀಸಲಾತಿಗೆ ಸರಿಯಾದ ದಾಖಲೆ ಇದೆಯೇ ಎಂಬುದು ಒಂದು, ಕಾಲೇಜುಗಳನ್ನು ಯಾವ ಕ್ರಮದಲ್ಲಿ ನಮೂದಿಸಲಾಗಿದೆ ಎಂಬುದು ಇನ್ನೊಂದು. ಓದಿನ ಗಡಿಬಿಡಿಯಲ್ಲಿ ಕೊನೆಯ ವಾರಕ್ಕೆ ಉಳಿದುಬಿಡುವುದು ಇವೆರಡೇ.

ಅಂಕದ ವಿಷಯವನ್ನು ಬೇಗ ಮುಗಿಸಬಹುದು. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಗಣಿತದ ಒಟ್ಟು 300 ಅಂಕಗಳಿಂದ ಅರ್ಧ ಪಾಲು, ಅವೇ ವಿಷಯಗಳ ಸಿಇಟಿಯ 180 ಅಂಕಗಳಿಂದ ಇನ್ನರ್ಧ ಪಾಲು ಲೆಕ್ಕಕ್ಕೆ ಬರುತ್ತದೆ. ಅಂದರೆ ಸಿಇಟಿಯ ಮೂರು ಅಂಕಗಳು ಪಿಯುಸಿಯ ಐದು ಅಂಕಗಳಿಗೆ ಸಮ. ಪ್ರತಿ ವಿಷಯಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳಿರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು.

ಮೊದಲ ಹೆಜ್ಜೆ: ಪ್ರಮಾಣಪತ್ರಗಳು

ಇದನ್ನು ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲೇ ಆರಂಭಿಸುವುದು ಒಳ್ಳೆಯದು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ಡಿ, ಪ್ರವರ್ಗ–1ಕ್ಕೆ ನಮೂನೆ ಇ, 2ಎ, 2ಬಿ, 3ಎ ಮತ್ತು 3ಬಿ ಪ್ರವರ್ಗಗಳಿಗೆ ನಮೂನೆ ಎಫ್ ಅನ್ವಯಿಸುತ್ತದೆ. ಪತ್ರದ ಮೇಲಿನ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿದಾಗ ಕಂದಾಯ ಇಲಾಖೆಯ ಕಡತದೊಂದಿಗೆ ಅದು ತಾಳೆಯಾಗುತ್ತದೆ. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅಪ್ಪನ ಹೆಸರಿನದು ಇದೆಯಲ್ಲ ಎಂದುಕೊಂಡು ಸುಮ್ಮನಿರುವವರು ಕಡಿಮೆಯಿಲ್ಲ. ಹೆಸರಿನ ಕಾಗುಣಿತ ಮತ್ತು ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇದೆಯೇ ಎಂದು ಪತ್ರ ಕೈಗೆ ಬಂದ ದಿನವೇ ನೋಡಿಕೊಂಡರೆ ತಿದ್ದುಪಡಿಗೆ ಕಾಲಾವಕಾಶ ಸಿಗುತ್ತದೆ. ಆದಾಯ ಪ್ರಮಾಣಪತ್ರದ ಸಿಂಧುತ್ವ ಐದು ವರ್ಷ. ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಪ್ರವೇಶದ ಹೊತ್ತಿಗೆ ಅವಧಿ ಮೀರಿರಬಹುದು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯಲ್ಲಿ ಗೊಂದಲ ಹೆಚ್ಚು. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮ ಕೋಟಾ ಶೇ 5. ಅರ್ಹತೆಯಿದ್ದವರು ಎರಡನ್ನೂ ಕೋರಬಹುದು. ಗ್ರಾಮೀಣ ಕೋಟಾದಲ್ಲಿ ಲೆಕ್ಕಕ್ಕೆ ಬರುವುದು ಮನೆ ಇರುವ ಊರಲ್ಲ, ಓದಿದ ಶಾಲೆ ಇರುವ ಊರು. ಒಂದರಿಂದ ಹತ್ತನೇ ತರಗತಿಯವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಳ್ಳಿಯಲ್ಲೇ ಬೆಳೆದು, ಬಸ್ಸಿನಲ್ಲಿ ಪಟ್ಟಣದ ಹೈಸ್ಕೂಲಿಗೆ ಹೋಗಿ ಬಂದ ಹುಡುಗಿಗೆ ಈ ಸೌಲಭ್ಯ ದೊರೆಯುವುದಿಲ್ಲ. ನ್ಯಾಯವೋ ಅಲ್ಲವೋ, ನಿಯಮ ಇರುವುದು ಹಾಗೆ. ಎರಡಕ್ಕೂ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕಾಗುತ್ತದೆ. ಎರಡು ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಗೂ ಅಲೆಯಬೇಕಾದೀತು. ವಿದ್ಯಾರ್ಥಿಗಳ ಶಾಲಾ ವಿವರಗಳನ್ನು ದಾಖಲಿಸುವ ಸರ್ಕಾರದ ಸ್ಯಾಟ್ಸ್ ತಂತ್ರಾಂಶದಲ್ಲಿ ತರಗತಿವಾರು ವಿವರ ಸರಿಯಾಗಿ ದಾಖಲಾಗಿದ್ದರೆ ಈ ಅಲೆದಾಟ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಕಾಲೇಜಿನ ಕಚೇರಿಯಲ್ಲಿ ತಮ್ಮ ಸ್ಯಾಟ್ಸ್ ಸಂಖ್ಯೆ ಕೇಳಿ, ವಿವರಗಳನ್ನು ಪರಿಶೀಲಿಸಿಕೊಳ್ಳಬೇಕು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳವರು ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕಿರುವ ಮೀಸಲಾತಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ಇವರಿಗೆ ಮೀಸಲು. ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ ಗಡಿನಾಡ ಕನ್ನಡಿಗರೂ ಹೊರನಾಡ ಕನ್ನಡಿಗರೂ ಸಿಇಟಿಯ ಜೊತೆಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯನ್ನು ಪ್ರತ್ಯೇಕವಾಗಿ ಬರೆಯಬೇಕು.

ಎರಡನೇ ಹೆಜ್ಜೆ: ಅರ್ಜಿ ತುಂಬುವುದು

ದಾಖಲೆಗಳು ಸಿದ್ಧವಿದ್ದರೆ ಇದು ಒಂದೆರಡು ಗಂಟೆಯ ಕೆಲಸ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿದರೂ ಮೊಬೈಲ್ ಸಂಖ್ಯೆ ಮನೆಯವರದ್ದೇ ಇರಬೇಕು, ಅಂಗಡಿಯವರದ್ದಲ್ಲ. ಒಟಿಪಿ, ಸೀಟು ಹಂಚಿಕೆಯ ಸಂದೇಶ ಎಲ್ಲವೂ ಬರುವುದು ಆ ಸಂಖ್ಯೆಗೇ. ಪಾಸ್‌ವರ್ಡನ್ನು ಯಾರಿಗೂ, ‘ನಾವೇ ಆಪ್ಷನ್ ಹಾಕಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗಳಿಗಂತೂ, ಕೊಡಕೂಡದು. ಮೀಸಲಾತಿ ಕೋರಿಕೆಯ ಕಾಲಂಗಳಲ್ಲಿ ‘ಹೌದು’ ಎಂದು ಗುರುತಿಸುವುದನ್ನು ಮರೆತರೆ ಪ್ರಮಾಣಪತ್ರ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಅಂತಿಮವಾಗಿ ಸಲ್ಲಿಸುವ ಮೊದಲು ಮನೆಯ ಇನ್ನೊಬ್ಬರಿಂದ ಅರ್ಜಿಯನ್ನು ಗಟ್ಟಿಯಾಗಿ ಓದಿಸಬೇಕು.

ಮೂರನೇ ಹೆಜ್ಜೆ: ಆಪ್ಷನ್ ಎಂಟ್ರಿ

ಒಳ್ಳೆಯ ರ‍್ಯಾಂಕ್ ಪಡೆದವರೂ ಎಡವುವುದು ಇಲ್ಲಿ, ಅಂದರೆ ಬೇಕಾದ ಕಾಲೇಜು ಮತ್ತು ಶಾಖೆಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವಾಗ. ಸೀಟು ಹಂಚುವ ತಂತ್ರಾಂಶವು ರ‍್ಯಾಂಕ್‌ನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕೈಗೆತ್ತಿಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಖಾಲಿಯಿರುವ ಮೊದಲ ಸೀಟನ್ನು ಕೊಟ್ಟುಬಿಡುತ್ತದೆ. ‘ನನ್ನ ರ‍್ಯಾಂಕ್‌ಗೆ ಅದು ಸಿಗಲಾರದು, ಮೊದಲ ಸ್ಥಾನ ವ್ಯರ್ಥವಾಗುತ್ತದೆ’ ಎಂಬ ಹೆದರಿಕೆಗೆ ಆದ್ದರಿಂದಲೇ ಆಧಾರವಿಲ್ಲ. ಸಿಗದ ಸೀಟನ್ನು ಮೇಲೆ ಬರೆದಿದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಆದರೆ ಸುಲಭವಾಗಿ ಸಿಗುವುದನ್ನು ಮೇಲೆ ಬರೆದರೆ ಅದೇ ಸಿಗುತ್ತದೆ, ಅದಕ್ಕಿಂತ ಇಷ್ಟವಾದದ್ದು ಕೆಳಗಿದ್ದರೆ ಶಾಶ್ವತವಾಗಿ ಅಳಿಸಿಹೋಗುತ್ತದೆ.

ಒಂದೇ ಕಾಲೇಜಿನ ಪ್ರತಿಯೊಂದು ಶಾಖೆಯೂ ಪ್ರತ್ಯೇಕ ಆಪ್ಷನ್. ಅನುದಾನಿತ ಮತ್ತು ಅನುದಾನರಹಿತ ಸೀಟುಗಳೆರಡೂ ಇರುವ ಕಾಲೇಜಿನಲ್ಲಿ ಶುಲ್ಕ ಬೇರೆ ಬೇರೆ ಇರುವುದರಿಂದ ಸಂಕೇತ ಸಂಖ್ಯೆಯನ್ನು ನೋಡಿಯೇ ಆರಿಸಬೇಕು. ಕೆಇಎ ಜಾಲತಾಣದಲ್ಲಿರುವ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ತಮ್ಮ ಪ್ರವರ್ಗದ ಕಾಲಂ ನೋಡಿ, ಕಾಗದದ ಮೇಲೆ ಮೊದಲು ಪಟ್ಟಿ ಬರೆದುಕೊಂಡು, ಮನೆಯಲ್ಲಿ ಶುಲ್ಕ ಮತ್ತು ಹಾಸ್ಟೆಲ್ ಖರ್ಚಿನ ಚರ್ಚೆ ಮುಗಿಸಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರುವುದು ಮೇಲು. ಸೇರಲು ಮನಸ್ಸಿಲ್ಲದ ಕಾಲೇಜನ್ನು ‘ಇರಲಿ’ ಎಂದು ಸೇರಿಸುವುದು ಬೇಡ.

ಮೊದಲ ಸುತ್ತಿಗೂ ಮುನ್ನ ಪ್ರಾಯೋಗಿಕವಾಗಿ ನಡೆಸುವ ಅಣಕು ಸೀಟು ಹಂಚಿಕೆಯ ಫಲಿತಾಂಶ ನಿಜವಾದ ಹಂಚಿಕೆಯಲ್ಲ. ಆದರೆ ಪಟ್ಟಿ ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಕನ್ನಡಿಯಿಲ್ಲ. ಮೊದಲ ಸುತ್ತಿನ ಹಂಚಿಕೆಯ ನಂತರ ನಾಲ್ಕು ಛಾಯ್ಸ್‌ಗಳಿರುತ್ತವೆ. ಒಂದನೆಯದು ಸೀಟು ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು. ಎರಡನೆಯದು ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಅದಕ್ಕಿಂತ ಮೇಲಿನ ಆಪ್ಷನ್‌ಗಳಿಗಾಗಿ ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಕಾಯುವುದು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರನಡೆಯುವುದು. ಮೂರನೆಯದನ್ನು ಒತ್ತಿದರೆ ಸಿಕ್ಕಿದ್ದ ಸೀಟು ಮರಳಿ ಬರುವ ಖಾತರಿಯಿಲ್ಲವಾದ್ದರಿಂದ, ಸಂದೇಹವಿರುವವರಿಗೆ ಎರಡನೆಯದೇ ಕ್ಷೇಮ. ಸೇರುವ ದಿನ ಮೂಲ ದಾಖಲೆಗಳನ್ನು ಕಾಲೇಜಿಗೆ ಒಪ್ಪಿಸಬೇಕಾಗುತ್ತದೆ. ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಅರ್ಜಿಗಳಿಗೆ ಬೇಕಾಗುವುದರಿಂದ ಅದಕ್ಕೂ ಮುಂಚೆ ನಾಲ್ಕೈದು ಸೆಟ್ ಜೆರಾಕ್ಸ್ ಮಾಡಿಸಿ, ಒಂದೊಂದನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕು.