ಎಲೆ ಬಾಡುವ ಮೊದಲು ತೊಗರಿ ಬೇರಲ್ಲಿ ಏನಾಗುತ್ತದೆ: ನನ್ನ ಅನುಭವ

ನೆಟೆ ರೋಗ ಬಂದ ತೊಗರಿ ಗಿಡವನ್ನು ಕಲಬುರಗಿ ಕಡೆಯ ರೈತರು ಬದುವಿನ ಮೇಲೆ ನಿಂತೇ ಗುರುತು ಹಿಡಿಯುತ್ತಾರೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಸಾಲಿನ ನಡುವೆ ಒಂದೊಂದೇ ಗಿಡ ಹಳದಿಯಾಗಿ ಬಾಡುತ್ತದೆ. ಮಣ್ಣಲ್ಲಿ ಹಸಿ ಇದ್ದರೂ ಒಣಗುತ್ತದೆ. ಒಮ್ಮೊಮ್ಮೆ ಒಂದು ಮಗ್ಗುಲು ಸತ್ತು, ಇನ್ನೊಂದು ಹಸಿರಾಗೇ ಇರುತ್ತದೆ. ದಂಟಿನ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ, ಸೀಳಿದರೆ ಒಳಗೆ ಕಪ್ಪು ಗೆರೆ. ಇಷ್ಟು ನನಗೂ ಗೊತ್ತಿತ್ತು. ಮಣ್ಣಿನ ಫಂಗಸ್ ಬೇರಿನೊಳಗೆ ಹೊಗುವುದನ್ನು ಮಾತ್ರ ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದೆ. ಸಸ್ಯರೋಗದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು.

ಆಳಂದ ತಾಲೂಕಿನಲ್ಲಿರುವ ನಮ್ಮ ಕಾಕಾನ ಹೊಲದಿಂದ ಬಾಡಿದ ಗಿಡಗಳನ್ನು ಕಿತ್ತು ತಂದೆ. ಕಪ್ಪು ಗೆರೆ ಇದ್ದ ಜಾಗದ ಚಿಕ್ಕ ತುಂಡುಗಳನ್ನು, ಹೊರಗಿನ ಸೂಕ್ಷ್ಮಜೀವಿ ಸಾಯಲಿ ಅಂತ ಹೈಪೋಕ್ಲೋರೈಟಿನಲ್ಲಿ ಅದ್ದಿ, ಶುದ್ಧ ನೀರಲ್ಲಿ ತೊಳೆದು, ಫಂಗಸ್ ಬೆಳೆಸುವ ಆಲೂಗಡ್ಡೆ ರಸದ ಅಗರ್ ಪ್ಲೇಟಿನ ಮೇಲಿಟ್ಟೆ. ಕೆಲವೇ ದಿನಕ್ಕೆ ಬಿಳಿ ಬೂಸ್ಟು ಹರಡಿತು. ಅದರ ಬೀಜಕಣ ಮೈಕ್ರೋಸ್ಕೋಪಿನಲ್ಲಿ ಕುಡುಗೋಲಿನ ಹಾಗೆ ಬಾಗಿ, ತುದಿಯಲ್ಲಿ ಕೊಕ್ಕೆಯಾಗಿ ಕಾಣುತ್ತದೆ. ಆ ಕೊಕ್ಕೆಯೇ ಗುರುತು: ಫ್ಯುಸೇರಿಯಂ ಉಡಂ. ಸಸ್ಯರೋಗ ವಿಜ್ಞಾನಿ ಬಟ್ಲರ್ 1910ರಲ್ಲಿ ಇಟ್ಟ ಹೆಸರು.

ಮರಳಲ್ಲಿ ಎರಡು ತಳಿಯ ಸಸಿ ಬೆಳೆಸಿದೆ. ಒಂದು ಐಸಿಪಿ 2376, ನೆಟೆಗೆ ಬೇಗ ಬಲಿಯಾಗುತ್ತದೆ ಅಂತಲೇ ಲ್ಯಾಬುಗಳಲ್ಲಿ ಬಳಸುವ ತಳಿ. ಇನ್ನೊಂದು ರೋಗ ತಡೆಯುವ ಮಾರುತಿ, ಅಂದರೆ ಐಸಿಪಿ 8863. ಬೇರು ತೊಳೆದು ಬೀಜಕಣದ ನೀರಿನಲ್ಲಿ ಅದ್ದಿದೆ. ಸಾಮಾನ್ಯವಾಗಿ ಬೇರಿನ ತುದಿ ಕತ್ತರಿಸಿ ಅದ್ದುತ್ತಾರೆ, ರೋಗ ಬೇಗ ಬರಲಿ ಅಂತ. ನಾನು ಕತ್ತರಿಸಲಿಲ್ಲ. ಬಾಗಿಲು ನಾವೇ ತೆಗೆದುಕೊಟ್ಟರೆ ಅದು ಹೇಗೆ ಹೊಕ್ಕಿತು ಅಂತ ನೋಡೋದಾದರೂ ಏನು?

ಬೇರನ್ನು ಹಾಗೇ ನೋಡಿದರೆ ಏನೂ ಕಾಣಲ್ಲ. ತುಂಡು ಮಾಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬಿಸಿ ಮಾಡಿ ಪಾರದರ್ಶಕ ಆಗುವಂತೆ ಮಾಡಬೇಕು, ಆಮೇಲೆ ಟ್ರೈಪಾನ್ ಬ್ಲೂ ಅನ್ನುವ ಬಣ್ಣ ಹಾಕಬೇಕು. ಫಂಗಸ್ ನೀಲಿಯಾಗುತ್ತದೆ, ಬೇರು ತಿಳಿಯಾಗಿ ಉಳಿಯುತ್ತದೆ. ಎಳೆ ಬೇರನ್ನು ಸ್ವಲ್ಪ ಹೆಚ್ಚು ಕಾಯಿಸಿದರೂ ಕಲಸಿಹೋಗುತ್ತದೆ, ನಿಧಾನ ಇರಲಿ.

ಮೊದಲು ಕಂಡದ್ದು ಅಂಟು. ಮಾರನೇ ದಿನ ನಲ್ಲಿ ನೀರಲ್ಲಿ ತೊಳೆದರೂ ಬೇರುಕೂದಲ ಮೇಲೆ, ತುದಿಯ ಸುತ್ತ ಬೀಜಕಣಗಳು ಹಿಡಿದುಕೊಂಡೇ ಇದ್ದವು. ಅವುಗಳ ಹೊರಮೈಯಲ್ಲಿ ಸಕ್ಕರೆ ಸೇರಿದ ಪ್ರೋಟೀನಿನ ಪದರ ಇರುತ್ತದೆ, ಹಿಡಿತ ಅದರದ್ದು. ಬೇರು ಹೊರಗೆ ಬಿಡುವ ಸಕ್ಕರೆ, ಅಮೈನೋ ಆಮ್ಲಗಳಿಂದ ಬೀಜಕಣ ಮೊಳೆಯುತ್ತದೆ. ಅದರಿಂದ ಹೊರಟ ಫಂಗಸ್ಸಿನ ಎಳೆ ಸೀದಾ ಒಳಗೆ ನುಗ್ಗಲಿಲ್ಲ. ಎರಡು ಕೋಶಗಳ ನಡುವಿನ ಸಂದಿಗುಂಟ ಹರಿಯಿತು. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಇರೋದು ಅಲ್ಲೇ, ಫಂಗಸ್ ಬಿಡುವ ಕಿಣ್ವ ಕರಗಿಸುವುದೂ ಅದನ್ನೇ. ನೀಲಿ ದಟ್ಟವಾಗಿ ಕಂಡದ್ದು ಬೇರಿನ ತುದಿಯ ಹಿಂದೆ, ಮತ್ತೆ ಕವಲುಬೇರು ಸಿಪ್ಪೆ ಒಡೆದು ಹೊರಬರುವ ಕಡೆ. ಅಲ್ಲಿ ಹೇಗೂ ಬಿರುಕು ಇರುತ್ತದಲ್ವಾ.

ಶಹಾಪುರ, ಸುರಪುರ ಕಡೆ ಭತ್ತಕ್ಕೆ ಬರುವ ಬೆಂಕಿ ರೋಗದ ದಾರಿಯೇ ಬೇರೆ. ಆ ಫಂಗಸ್ ಎಲೆಗೆ ಅಂಟಿಕೊಂಡು ಕಪ್ಪು ಗುಮ್ಮಟದಂಥ ಕೋಶ ಕಟ್ಟುತ್ತದೆ. ಅದರೊಳಗಿನ ಒತ್ತಡ 8 ಮೆಗಾಪಾಸ್ಕಲ್‌ವರೆಗೂ ಏರುತ್ತದೆ, ಅಂದರೆ ವಾತಾವರಣದ ಒತ್ತಡದ ಸುಮಾರು 80 ಪಟ್ಟು. ಆ ಬಲದಲ್ಲಿ ಎಲೆಯ ಹೊರಪದರವನ್ನೇ ತೂತು ಮಾಡುತ್ತದೆ. ನೆಟೆಯ ಫಂಗಸ್‌ಗೆ ಅಂಥ ಯಂತ್ರ ಇಲ್ಲ. ಸಂದಿ ಸಿಕ್ಕರೆ ಸಾಕು.

ಮುಂದೆ ಅದು ಬೇರಿನ ನಡುವಿನ ನೀರಿನ ನಾಳ ಸೇರುತ್ತದೆ. ಅಲ್ಲಿ ಸಣ್ಣ ಬೀಜಕಣ ಬಿಡುತ್ತದೆ, ನೀರಿನ ಜೊತೆ ಅವು ಮೇಲಕ್ಕೆ ಹೋಗುತ್ತವೆ. ಇನ್ನಷ್ಟು ಹರಡದಿರಲಿ ಅಂತ ಗಿಡವೇ ಗೋಂದು ಸುರಿಸಿ ನಾಳ ಮುಚ್ಚಿಕೊಳ್ಳುತ್ತದೆ. ಎಲೆಗೆ ನೀರು ನಿಲ್ಲುತ್ತದೆ. ನಾನು ಬೆಳೆಸಿದ್ದರಲ್ಲಿ ಐಸಿಪಿ 2376 ಸಸಿಗಳು ಎರಡು-ಮೂರು ವಾರದಲ್ಲಿ ಬಾಡಿ ತಲೆ ಬಾಗಿಸಿದವು. ಮಾರುತಿಯ ಬೇರಿಗೂ ಫಂಗಸ್ ಅಷ್ಟೇ ಗಟ್ಟಿಯಾಗಿ ಅಂಟಿತ್ತು, ಆದರೆ ನೀಲಿ ಎಳೆಗಳು ಹೊರಗಿನ ಪದರ ದಾಟಿದ್ದು ಕಡಿಮೆ. ನನಗೆ ಜಾಸ್ತಿ ಅಚ್ಚರಿ ತಂದದ್ದು ಇದೇ. ಅಂಟೋದನ್ನು ತಡೆಯೋ ತಳಿ ಇರಬೇಕು ಅಂದುಕೊಂಡಿದ್ದೆ.

ಸ್ಲೈಡಿನ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದಾಗ ಕಾಕಾ ಕೇಳಿದ್ದು ಒಂದೇ: "ಈಗ ಏನ್ ಹೊಡಿಲಿ ಹೇಳು." ಎಲೆ ಬಾಡಿದ ಮೇಲೆ ಏನು ಹೊಡೆದರೂ ದುಡ್ಡು ದಂಡ ಅಂದೆ. ಕೆಲಸ ಇರೋದು ಬಿತ್ತುವ ಮೊದಲು. ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಅನ್ನುವ ಉಪಕಾರಿ ಫಂಗಸ್ ಹಚ್ಚಿದರೆ ಬೇರಿನ ಸುತ್ತಲ ಜಾಗವನ್ನು ಅದೇ ಮೊದಲು ಹಿಡಿಯುತ್ತದೆ. ಸತ್ತ ಗಿಡದ ಕೂಳೆಯಲ್ಲಿ ನೆಟೆಯ ಫಂಗಸ್ ಸುಮಾರು 3 ವರ್ಷ ಬದುಕಿರುತ್ತದೆ. ಅದಕ್ಕೇ ಕೂಳೆ ಕಿತ್ತು ತೆಗೀಬೇಕು, ನಡುವೆ ಒಂದು ವರ್ಷ ಜೋಳ ಹಾಕಬೇಕು.

"ಜ್ವಾಳಕ್ಕ ರೇಟ್ ಎಲ್ಲದ?" ಅಂದ ಕಾಕಾ. ತೊಗರಿಯ ರೇಟಿನ ಮುಂದೆ ನೋಡಿದರೆ ಅವನ ಮಾತು ತಪ್ಪಲ್ಲ. ಕೊನೆಗೆ ಹೆಚ್ಚು ಗಿಡ ಸತ್ತಿದ್ದ ಕೆಳಗಿನ ತುಂಡಿಗಷ್ಟೇ ಜೋಳ ಹಾಕಿದ. ಉಳಿದ ಹೊಲಕ್ಕೆ ನೆಟೆ ತಡೆಯುವ ಟಿಎಸ್-3ಆರ್ ತಳಿ ಬಿತ್ತಿದ, ಟ್ರೈಕೋಡರ್ಮಾ ಹಚ್ಚಿ.