ಹೆಬ್ಬೆಟ್ಟು ಒತ್ತಿದ ಮೇಲೆ

ವಿಜಯನಗರದ 30×40 ಸೈಟಿನಲ್ಲಿ ಕೆಳಗೆ ನಾವಿದ್ದೇವೆ, ಮೇಲಿನ ಎರಡು ಮನೆ ಬಾಡಿಗೆಗೆ. ಮೆಟ್ಟಿಲು ಹೊರಗಡೆ, ಮಳೆಗೆ ನೇರವಾಗಿ ಬಿದ್ದಿದೆ. ಅದಕ್ಕೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಹಾಕಿಸಿದ್ದು ನಾನೇ. ಸಿಮೆಂಟೇ ಸಾಕು ಅಂತ ಮೇಸ್ತ್ರಿ ಹೇಳಿದ್ದ, ಶೋಕಿಗೆ ಬಿದ್ದು ಕೇಳಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮೊದಲ ಮಹಡಿಯ ಹುಡುಗನ ತಾಯಿ ಹೂವು ತಗೊಳ್ಳಲು ಇಳಿಯುವಾಗ ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹುಡುಗ ದುಡ್ಡು ಕೇಳಲಿಲ್ಲ, ಜಗಳವಾಡಲಿಲ್ಲ. ವಾಟ್ಸಾಪ್ ತೆರೆದು ತೋರಿಸಿದ ಅಷ್ಟೆ. ಎರಡು ತಿಂಗಳ ಹಿಂದೆಯೇ ಬರೆದಿದ್ದ: ‘ಅಂಕಲ್, ಮೆಟ್ಟಿಲು ಜಾರುತ್ತೆ, ಏನಾದ್ರೂ ಮಾಡ್ಸಿ.’ ಅದಕ್ಕೆ ನನ್ನ ಉತ್ತರ ಒಂದು ಹೆಬ್ಬೆರಳಿನ ಗುರುತು!

ವಕೀಲ ಗೆಳೆಯನಿಗೆ ಕರಾರುಪತ್ರ ತೋರಿಸಿದೆ. ‘ಯಾವುದೇ ಅಪಘಾತಕ್ಕೆ ಮಾಲೀಕರು ಜವಾಬ್ದಾರರಲ್ಲ’ ಎಂಬ ಸಾಲು ಅದರಲ್ಲಿತ್ತು, ಅದೇ ನನ್ನ ಧೈರ್ಯ. ಅವನು ನಕ್ಕ. ‘ಗೊತ್ತಿದ್ದೂ ಸುಮ್ಮನಿದ್ದೆ ಅನ್ನೋದಕ್ಕೆ ನೀನೇ ಹೆಬ್ಬೆಟ್ಟು ಒತ್ತಿದ್ದೀಯಲ್ಲೋ. ಈ ಸಾಲು ನಿನ್ನನ್ನ ಎಷ್ಟು ಕಾಪಾಡುತ್ತೆ?’ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಓದಿಸಿದ. ಮನೆಯಲ್ಲಿ ಬಾಡಿಗೆದಾರನ ಕಣ್ಣಿಗೆ ಬೀಳದ, ನಮಗೆ ಮಾತ್ರ ಗೊತ್ತಿರುವ ದೋಷವಿದ್ದರೆ ಮೊದಲೇ ಹೇಳಬೇಕು. ನಾವು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಅವರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನಿರ್ಲಕ್ಷ್ಯದಿಂದ ಜೀವವೇ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಜೈಲು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಟೇಪು ಹಿಡಿದು ಹೊರಟೆ. ಬಾಡಿಗೆದಾರರ ಬಾಗಿಲೊಳಗಿನದು ಬಹುಮಟ್ಟಿಗೆ ಅವರ ಕೈಯಲ್ಲಿ. ಮೆಟ್ಟಿಲು, ಸಂಪು, ತಾರಸಿ, ಮೀಟರ್ ಬೋರ್ಡ್ ಮಾತ್ರ ಪೂರ್ತಿ ನನ್ನ ಕೈಯಲ್ಲಿ. ಆದ್ದರಿಂದ ಮೊದಲು ಅವನ್ನೇ ನೋಡಿದೆ. ಮೆಟ್ಟಿಲ ಅಂಚಿಗೆ ಮೂರು ಮೂರು ಗೀರು ಹೊಡೆಸಿದೆ, ಇಡೀ ಉದ್ದಕ್ಕೆ ಕೈಯಲ್ಲಿ ಹಿಡಿದುಕೊಳ್ಳುವ ಕಂಬಿ ಹಾಕಿಸಿದೆ. ಅಳೆಯುವಾಗ ಇನ್ನೊಂದು ಕಂಡಿತು: ಎಲ್ಲ ಮೆಟ್ಟಿಲೂ ಏಳು ಇಂಚು, ಕೊನೆಯದು ಮಾತ್ರ ಎಂಟು. ಮೇಲಿನ ಪ್ಯಾಸೇಜಿಗೆ ಆಮೇಲೆ ಟೈಲ್ಸ್ ಹಾಕಿಸಿದ್ದರ ಫಲ. ಕಾಲು ಲೆಕ್ಕ ಹಿಡಿದು ಹತ್ತುತ್ತದೆ, ಒಂದು ಇಂಚು ಹೆಚ್ಚಾದರೂ ಎಡವುತ್ತದೆ. ಅದನ್ನು ಒಡೆಸಲು ಮನಸ್ಸಾಗಲಿಲ್ಲ. ಹಳದಿ ಪಟ್ಟಿ ಬಳಿಸಿ ಮೇಲೊಂದು ದೀಪ ಹಾಕಿಸಿದ್ದೇನೆ. ಅರೆಬರೆ ಕೆಲಸ, ಒಪ್ಪುತ್ತೇನೆ.

ಸಂಪಿನ ತಗಡಿನ ಮುಚ್ಚಳ ತುಕ್ಕು ಹಿಡಿದಿತ್ತು. ಎರಡನೇ ಮಹಡಿಯ ಮಗು ಅದರ ಮೇಲೆಯೇ ಸೈಕಲ್ ಓಡಿಸುತ್ತಿತ್ತು. ಬೇರೆಲ್ಲ ಒಂದು ವಾರ ಕಾಯಬಹುದಿತ್ತು, ಇದಲ್ಲ. ಅಂದೇ ದಪ್ಪ ಮುಚ್ಚಳ, ಬೀಗ.

ಕರೆಂಟಿನಲ್ಲಿ ನನ್ನದು ಶುದ್ಧ ಅಜ್ಞಾನ. ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ಇದ್ದರೆ ಶಾಕ್ ಹೊಡೆಯಲ್ಲ ಅಂದುಕೊಂಡಿದ್ದೆ. ಅದು ವೈರು ಸುಡದಂತೆ ಕಾಯುವುದು. ಮನುಷ್ಯನನ್ನು ಕಾಯುವುದು ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಎಂದು ಎಲೆಕ್ಟ್ರಿಷಿಯನ್ ಬಿಡಿಸಿ ಹೇಳಿದ. ಮೂರೂ ಮನೆಗೆ ಹಾಕಿಸಿ, ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸಿದೆ. ಬಚ್ಚಲೊಳಗಿದ್ದ ಗ್ಯಾಸ್ ಗೀಸರನ್ನು ಹೊರಗಿನ ಯುಟಿಲಿಟಿಗೆ ಸಾಗಿಸಿದೆ. ಗಾಳಿಯಾಡದ ಕಡೆ ಅದು ಉಗುಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ.

ವಿಮೆ ಇದೆಯಲ್ಲ ಅಂತ ಪಾಲಿಸಿ ತೆಗೆದು ಓದಿದರೆ, ನನ್ನ ‘ಭಾರತ್ ಗೃಹ ರಕ್ಷಾ’ ಮನೆವಿಮೆ ಇರುವುದು ಬೆಂಕಿ, ಭೂಕಂಪ, ಪ್ರವಾಹದಿಂದ ಕಟ್ಟಡಕ್ಕೂ ಸಾಮಾನಿಗೂ ಆಗುವ ನಷ್ಟಕ್ಕೆ. ಮೆಟ್ಟಿಲಲ್ಲಿ ಜಾರಿದವರ ಮೂಳೆಗಲ್ಲ. ಬೇರೆಯವರಿಗೆ ಆಗುವ ಗಾಯದ ಹೊಣೆಯನ್ನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಳ್ಳಬೇಕು.

ಆಸ್ಪತ್ರೆ ಬಿಲ್ಲಿನ ಅರ್ಧ ಕೊಟ್ಟೆ. ಹುಡುಗ ಬೇಡ ಅಂದ, ಅವರಮ್ಮ ಸುಮ್ಮನೆ ತಗೊಂಡರು. ಅವರೇ ಸರಿ.

ಈಗ ದೂರು ಬಂದರೆ ಹೆಬ್ಬೆರಳು ಒತ್ತುವುದಿಲ್ಲ. ಯಾವ ದಿನ ಯಾರು ಬರುತ್ತಾರೆ ಅಂತ ಬರೆಯುತ್ತೇನೆ, ಕೆಲಸ ಮುಗಿದ ಮೇಲೆ ಫೋಟೋ ಹಾಕುತ್ತೇನೆ. ಸಂಪಿನ ಬೀಗದ ಕೀ ನಮ್ಮ ಅಡುಗೆಮನೆಯ ಮೊಳೆಯಲ್ಲಿದೆ. ಊರಿಗೆ ಹೋಗುವಾಗ ಮೊದಲ ಮಹಡಿಯ ಅಮ್ಮನ ಕೈಗೆ ಕೊಟ್ಟು ಹೋಗುತ್ತೇನೆ.